ನಾಲ್ಕು ಬೆರಳು

ಹಳೆ ಲೇತಿನ ಜೊತೆ ಬಂದ ಕಟ್ಟಿಗೆ ಪೆಟ್ಟಿಗೆಯಲ್ಲಿ
ಗ್ರೀಸು ಮೆತ್ತಿದ ಕಾಗದವೊಂದಿತ್ತು.
ಯಾವುದೋ ಚಳಿದೇಶದ ವರ್ಕ್‌ಶಾಪಿನ ನಕಾಶೆ:
ಉದ್ದ ನೂರಿಪ್ಪತ್ತು ಅಡಿ, ಅಗಲ ಅರವತ್ತು,
ನೆಲದ ಕೆಳಗೊಂದು ತುಂಡುಗೆರೆ,
ಪಾಯ ಆ ಗೆರೆ ದಾಟಿ ಇಳಿದಿತ್ತು.

ಪಾಲಿಟೆಕ್ನಿಕ್ಕಿನ ಮೇಷ್ಟ್ರು ಓದಿ ಹೇಳಿದರು:
ಅಲ್ಲಿ ನೆಲದೊಳಗಿನ ನೀರು ಚಳಿಗೆ ಕಲ್ಲಾಗುತ್ತದೆ,
ಕಲ್ಲಾಗುತ್ತ ಹಿಗ್ಗಿ ಕಟ್ಟಡವನ್ನೇ ಎತ್ತುತ್ತದೆ.
ಅದಕ್ಕೇ ಹೆಪ್ಪು ಇಳಿಯದಷ್ಟು ಆಳಕ್ಕೆ ಪಾಯ.

ಸಿಂಧನೂರಿನ ಏಪ್ರಿಲ್ಲು. ತಗಡು ಮುಟ್ಟಿದರೆ ಬೊಬ್ಬೆ.
ಪೀರಸಾಬ ಮೇಸ್ತ್ರಿ ನಗಲಿಲ್ಲ.
ಕಾಗದ ತಿರುಗಿಸಿ, ಮತ್ತೆ ತಿರುಗಿಸಿ,
"ಇದು ನಮ್ಮ ನೆಲಾನ ಅದ ಬಿಡವ್ವ" ಅಂದ.
"ಅವರದು ಥಂಡಿಗೆ ಏಳ್ತದ,
ನಮ್ಮದು ನೀರು ಕುಡಿದು ಏಳ್ತದ."

ನನಗೆ ಗೊತ್ತಿಲ್ಲವೇ.
ಮಸ್ಕಿ ರಸ್ತೆಯ ಹಳೆ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ
ಶ್ರಾವಣ ಬಂತೆಂದರೆ ಬಾಗಿಲು ಒದ್ದು ತೆಗೆಯಬೇಕು,
ಯುಗಾದಿಗೆ ಅದೇ ಬಾಗಿಲಿನ ಸಂದಿಯಲ್ಲಿ ಬೆಕ್ಕು ನುಸುಳಬೇಕು.
ಲೇತು ಒಂದು ಕಾಲು ಕುಂಟುವುದು.
ನಾನು ಕಡೆದ ಶಾಫ್ಟು
ಒಂದು ತುದಿಗೆ ಕೂದಲೆಳೆಯಷ್ಟು ತೆಳು.
ಭತ್ತ ಕೊಯ್ಯುವ ಮಷಿನ್ನಿನ ಕ್ಯಾಂಪಿನ ರಾಜು
ಅದನ್ನು ನನ್ನ ಮೇಜಿನ ಮೇಲೆ ಉರುಳಿಸಿದ.
ನೆಟ್ಟಗೆ ಹೋಗದೆ ಸೊಟ್ಟಕ್ಕೆ ತಿರುಗಿ ನಿಂತಿತು.
ಮಾತಾಡದೆ ಹೋದ.
ಕಂಬಾರರ ಮನೆಯವಳಿಗೆ ಅದಕ್ಕಿಂತ ಬೈಗುಳ ಬೇಕೆ?

ಹೊಸ ಜಾಗದಲ್ಲಿ ಎರೆ ಬಾಯಿ ಬಿಟ್ಟಿತ್ತು.
ಪೀರಸಾಬ ದಾರಕ್ಕೆ ತೂಗುಗುಂಡು ಕಟ್ಟಿ
ಬಿರುಕಿನೊಳಗೆ ಇಳಿಬಿಟ್ಟ.
ಮೂರಡಿ, ಐದು, ಆರು.
ಉಸ್ತಾದ ಕೊಟ್ಟ ಹಿತ್ತಾಳೆ ಗುಂಡು.
ಎಳೆಯುವಾಗ ಎಲ್ಲೋ ಸಿಕ್ಕಿ ದಾರ ಹರಿಯಿತು.
ಬರಿ ದಾರ ಹಿಡಿದು ಸ್ವಲ್ಪ ಹೊತ್ತು ಕೂತ.
"ನೆಲಾನ ನಮ್ಮ ಅಳತಿ ತಗೊಂತು ನೋಡು."

ಇಪ್ಪತ್ತೆಂಟು ಗುಂಡಿ.
ಹನ್ನೊಂದು ಅಡಿಗೆ ಗರಸು ಸಿಕ್ಕಿತು.
ಹುಲಿಗೆಮ್ಮ ಒಂದು ಹಿಡಿ ಎತ್ತಿ ಮೂಸಿ
"ಇದು ಕುಡಿಯೋ ಮಣ್ಣಲ್ಲ" ಅಂದಳು.
ತಳವನ್ನು ಸುತ್ತ ಕೆತ್ತಿ, ಉಳ್ಳಾಗಡ್ಡಿಯಂತೆ ಉಬ್ಬಿಸಿ,
ಕಂಬಿ ಇಳಿಸಿ ಕಾಂಕ್ರೀಟು ಸುರಿದರು.
ಹಿತ್ತಾಳೆ ಗುಂಡು ಯಾವ ಗುಂಡಿಯಲ್ಲೂ ಸಿಗಲಿಲ್ಲ.

ಬ್ಯಾಂಕಿನವರು ಫೋಟೋ ತೆಗೆಯಲು ಬಂದರು.
ಸಾಲದ ಅರ್ಧ ಮುಗಿದಿತ್ತು,
ನೆಲದ ಮೇಲೆ ತೋರಿಸಲು
ಇಪ್ಪತ್ತೆಂಟು ಬುಗುಟು ಮಾತ್ರ.

ಕಂಬದಿಂದ ಕಂಬಕ್ಕೆ ಬೀಮು ಕಟ್ಟುವ ದಿನ
ಹುಡುಗರು ಹಲಗೆಯನ್ನು ನೆಲಕ್ಕೇ ಒತ್ತಿ ಹಾಸಿದ್ದರು.
ಪೀರಸಾಬ ಎಲ್ಲ ಬಿಚ್ಚಿಸಿದ.
ಹೆಬ್ಬೆರಳು ಮಡಚಿ ಕೈ ಅಡ್ಡ ಹಿಡಿದು ತೋರಿಸಿದ,
ನಾಲ್ಕು ಬೆರಳು.
"ಇಷ್ಟು ಬಯಲು ಬಿಡ್ರಿ.
ಮಳಿ ಬಂದಾಗ ಅದಕ್ಕ ಏಳಾಕ ಜಾಗ ಬೇಕು.
ಮ್ಯಾಲ ಕೂತು ಒತ್ತಿದ್ರ ಯಾರು ಸುಮ್ನಿರ್ತಾರ?"

ಲೇತು ಈಗ ತನ್ನವೇ ಬೇರೆ ಕಂಬಗಳ ಮೇಲಿದೆ.
ನಕಾಶೆ ಗೋಡೆಯ ಮೇಲಿದೆ; ತುಂಡುಗೆರೆಯ ಪಕ್ಕ
ಪೀರಸಾಬನ ಸೀಸದಕಡ್ಡಿ: ೧೧ ಅಡಿ. ಗರಸು.

ಪುಷ್ಯ ಮಳೆ ಮೂರು ದಿನ ಬಿಡದೆ ಹೊಡೆಯಿತು.
ಮೆಟ್ಟಿಲಿಗೆ ಕಂಬ ಹಾಕಲು ಕಾಸಿರಲಿಲ್ಲ,
ಅದು ಎರಡಾಗಿ ಸೀಳಿ ಮೇಲೆದ್ದಿದೆ.
ದಾಟಿ ಹೋಗಿ ಬಾಗಿಲು ತಳ್ಳಿದೆ, ತೆರೆಯಿತು.
ಲೇತಿನ ಹಾಸಿನ ಮೇಲೆ ರಸಮಟ್ಟ ಇಟ್ಟೆ.
ಗುಳ್ಳೆ ಅತ್ತ ಸರಿದು, ಇತ್ತ ಸರಿದು,
ನಡುವೆ ಬಂದು ನಿಂತಿತು.

ಆಮೇಲೆ ಹೊರಗೆ ಕೆಸರಲ್ಲಿ ಮೊಣಕಾಲೂರಿ
ಬೀಮಿನ ಕೆಳಗೆ ಕೈ ತೂರಿಸಲು ನೋಡಿದೆ.
ಕೈ ಹೋಗಲಿಲ್ಲ.
ಕಿರುಬೆರಳು ಹೋಯಿತು.

ಹುಬ್ಬಿ ಮಳೆ ಇನ್ನೂ ಬಾಕಿ ಇದೆ.